ನಮ್ಮ ಮಾವ ಗಾಡಿಯ ಪ್ಲಾಸ್ಟಿಕ್ಕು ಬಿಚ್ಚಿದ್ದು

ನಮ್ಮ ಮನೆಯಲ್ಲಿ ಏನೇ ಕೆಟ್ಟರೂ ಅದಕ್ಕೆ ನಮ್ಮ ಮಾವನೇ ಕಾರಣ. ಹಾಗಂತ ಅತ್ತೆ ಹೇಳುತ್ತಾರೆ, ಮಾವ ಒಪ್ಪಿಕೊಳ್ಳುತ್ತಾರೆ. ಮೋಟಾರು ಸುಟ್ಟರೆ ತಾನೇ ಆಫ್ ಮಾಡುವುದು ಮರೆತಿರಬೇಕು ಅನ್ನುತ್ತಾರೆ. ಹಾಲು ಒಡೆದರೆ ಕ್ಯಾನು ಸರಿಯಾಗಿ ತೊಳೆಯದವರು ಅವರೇ. ಒಂದು ಸಲ ಇಡೀ ಸಾತನೂರಿಗೆ ಕರೆಂಟು ಹೋದಾಗಲೂ ಅತ್ತೆ ಅವರ ಮುಖ ನೋಡಿದರು, ಅವರು ತಲೆ ತಗ್ಗಿಸಿದರು. ಮಾಗಡಿ ಕಡೆಯ ಕಲ್ಯದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಹೆಸರು ದಾಸಪ್ಪ. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಹೆಸರು ಹೇಳದೆ ಅವರ ಕಥೆ ಹೇಳುವುದು ಹೇಗೆ ಅಂತ ಕಲಿಸಿರಲಿಲ್ಲ.

ನಮ್ಮದು ಸಾತನೂರಿನ ಮಗ್ಗುಲ ಊರು. ಹಿಪ್ಪುನೇರಳೆ ತೋಟ, ಎರಡು ಹಸು, ರೇಷ್ಮೆ ಹುಳು ಸಾಕುವ ಒಂದು ಮನೆ, ಒಂದು ಹಳೆಯ ಪಿಕಪ್ ಗಾಡಿ. ಹುಳು ಮನೆಯ ಯಜಮಾನಿಕೆ ಅತ್ತೆ ಶಿವಲಿಂಗಮ್ಮನವರದು. ಬೀಡಿ ಸೇದಿದವರು, ಪೌಡರ್ ಹಾಕಿಕೊಂಡವರು, ಔಷಧಿ ಹೊಡೆದು ಬಂದವರು ಒಳಗೆ ಕಾಲಿಡುವಂತಿಲ್ಲ. ಹುಳುವಿಗೆ ವಾಸನೆ ಆಗಿಬರುವುದಿಲ್ಲ. ಉಳಿದವರು ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಹೋಗಬೇಕು. ಹೋದ ವರ್ಷ ಕಾರ್ತಿಕದ ಬೆಳೆಗೆ ಸುಣ್ಣಕಟ್ಟು ಬಂತು. ಹುಳು ಸತ್ತು ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಗುವ ರೋಗ. ತಟ್ಟೆಗಟ್ಟಲೆ ಹುಳುವನ್ನು ಗುಂಡಿ ತೋಡಿ ಹೂತೆವು. ಬೆಳಗಿನಿಂದ ಅಳುತ್ತಲೇ ಇದ್ದ ಅತ್ತೆ ಸಂಜೆಗೆ ಜಗುಲಿಯ ಮೇಲೆ ಕೂತು ಮಾವನ ಕಡೆ ಕೈ ತೋರಿಸಿ, ಕಾಲು ಅದ್ದದೆ ಒಳಗೆ ಬಂದವರು ನೀವೇ ಅಂದರು. ಮಾವ, ಇರಬೇಕು ಅಂದರು. ಅವತ್ತಿನಿಂದ ಅವರಿಗೆ ಹುಳು ಮನೆ ಬಂದ್ ಆಯಿತು.

ಈ ರೋಗ ಹೆಚ್ಚುವುದೇ ಥಂಡಿಗೆ, ಅದು ಜಿಟಿಜಿಟಿ ಮಳೆ ಹಿಡಿದುಕೊಂಡ ತಿಂಗಳು. ಊರಿನಲ್ಲಿ ಇನ್ನೂ ನಾಲ್ಕಾರು ಮನೆಯ ಬೆಳೆ ಹೋಗಿತ್ತು. ಆ ಮನೆಗಳಿಗೆ ನಮ್ಮ ಮಾವ ಹೋಗಿರಲಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಸುಮ್ಮನಿರು ಅಂತ ನನ್ನನ್ನು ಗದರಿದ್ದು ಅತ್ತೆಯಲ್ಲ, ಮಾವ.

ಹುಳುವಿನ ತಟ್ಟೆಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದ ಮನುಷ್ಯ ಅವರು. ಈಗ ಸೊಪ್ಪು ತಂದು ಬಾಗಿಲಾಚೆ ಇಳಿಸಿ, ಗೋಡೆಗೆ ಒರಗಿ ಕೂರುತ್ತಾರೆ. ದೊಡ್ಡ ಹುಳು ಸೊಪ್ಪು ಮೇಯುವಾಗ ಮಳೆ ಬಂದ ಹಾಗೆ ಸದ್ದಾಗುತ್ತದೆ, ಅದನ್ನು ಕೇಳಿಸಿಕೊಳ್ಳುತ್ತಾರೆ. ಮೂಲೆಯ ತಟ್ಟೆಗೆ ಸೊಪ್ಪು ಸಾಲದು ಅಂತ ಕಿಟಕಿಯಿಂದ ಹೇಳುತ್ತಾರೆ. ಒಳಗೆ ಹೋಗಿ ನೋಡಿದರೆ ಸಾಲದೇ ಇರುತ್ತದೆ. ಮತ್ತೆ ಒಳಗೆ ಹೋಗಬೇಕು ಅನ್ನುವುದೊಂದು ಬಿಟ್ಟು ಅವರಿಗೆ ಬೇರೆ ಆಸೆ ಇದ್ದದ್ದು ನಾನು ಕಾಣೆ. ಒಳಗೆ ಬಿಡು ಅಂತ ಅತ್ತೆಯನ್ನು ಕೇಳಿದವರೂ ಅಲ್ಲ.

ಅಂಥವರಿಗೆ ಈ ವರ್ಷ ಒಂದು ಮಾತು ನಾಟಿತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮ ಗೂಡನ್ನು ಆಗಾಗ ಹರಾಜಿನಲ್ಲಿ ಹಿಡಿಯುವ ಅಸದುಲ್ಲಾ ಅಂತ ಒಬ್ಬರಿದ್ದಾರೆ, ನೂಲು ಬಿಚ್ಚುವವರು. ಒಳ್ಳೆಯವರು, ಆದರೆ ಬಾಯಿ ಸುಮ್ಮನಿರುವುದಿಲ್ಲ. ನಮ್ಮ ಗಾಡಿಯ ಬಂಪರು, ಗ್ರಿಲ್ಲು, ಕನ್ನಡಿಯ ಕವಚ, ಚಕ್ರದ ಮೇಲಿನ ಕಮಾನು, ಹೀಗೆ ಹೊರಗಿನ ಪ್ಲಾಸ್ಟಿಕ್ಕೆಲ್ಲ ಒಂದು ಕಾಲಕ್ಕೆ ಕಪ್ಪಗಿತ್ತು. ಬಿಸಿಲಿಗೆ ನಿಂತೂ ನಿಂತೂ ಬಿಳಿಚಿಕೊಂಡು, ಮುಟ್ಟಿದರೆ ಕೈಗೆ ಪುಡಿ ಹತ್ತುವಂತಾಗಿತ್ತು. ಅದನ್ನು ನೋಡಿ ಅವರು, ದಾಸಪ್ಪನವರ ಹುಳುವಿಗೆ ಬಂದ ಸುಣ್ಣಕಟ್ಟು ಈಗ ಗಾಡಿಗೂ ಬಂದಿದೆ ಅಂದರಂತೆ. ನಾಲ್ಕು ಊರಿನ ಜನ ನಕ್ಕರಂತೆ. ಗಾಡಿ ಓಡಿಸಿಕೊಂಡು ಹೋಗಿದ್ದ ನನ್ನ ಗಂಡ ಲೋಕೇಶ್ ಬಂದು ಹೇಳಿದ್ದು. ಅವನೂ ನಕ್ಕಿರಬೇಕು.

ಇದೊಂದಕ್ಕೆ ಮಾವ ತಪ್ಪು ನನ್ನದೇ ಅನ್ನಲಿಲ್ಲ. ಮುಂದಿನ ಗೂಡು ಮಾರ್ಕೆಟ್ಟಿಗೆ ಹೋಗುವುದರೊಳಗೆ ಪ್ಲಾಸ್ಟಿಕ್ಕಿಗೆ ಬಣ್ಣ ಹೊಡೆಸಬೇಕು ಅಂದರು. ಅವರು ಹಟ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಹಟಕ್ಕೆ ಹೊತ್ತು ಆರಿಸಿಕೊಳ್ಳುವ ಅಭ್ಯಾಸ ಇಲ್ಲದ್ದರಿಂದ ಕೆಟ್ಟ ಹೊತ್ತನ್ನೇ ಆರಿಸಿಕೊಂಡರು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯ ಜ್ವರ, ಅಂದರೆ ಕೊನೆಯದು, ಮುಗಿಸಿ ಹುಳು ಆಗತಾನೇ ಎದ್ದಿತ್ತು. ಇನ್ನು ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಥಿನ್ನರ್ ವಾಸನೆ ಈ ಊರಿನ ಗಾಳಿಯಲ್ಲಿ ಸೇರಿದರೆ ತಾನು ತೌರಿಗೆ ಹೋಗುತ್ತೇನೆ ಅಂತ ಅತ್ತೆ ಹೇಳಿದರು. ಗಾಡಿಯನ್ನೇ ಪೇಂಟಿಂಗ್ ಅಂಗಡಿಯಲ್ಲಿ ಬಿಡೋಣವೆಂದರೆ ಕೆರೆಯಾಚೆಯ ತೋಟದಿಂದ ಸೊಪ್ಪು ಬರುವುದು ಅದರಲ್ಲೇ. ಹಾಗಾಗಿ ಗಾಡಿ ಇಲ್ಲೇ ಇರುವುದು, ಪ್ಲಾಸ್ಟಿಕ್ಕು ಮಾತ್ರ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿಬರುವುದು ಅಂತ ತೀರ್ಮಾನವಾಗುವುದಕ್ಕೇ ನಾಲ್ಕು ದಿನ ಹಿಡಿಯಿತು.

ಬಿಚ್ಚುವ ಕೆಲಸ ಹುಳು ಮನೆಗೆ ದೂರ, ರಸ್ತೆ ತಿರುವಿನ ಹುಣಸೆ ಮರದ ಕೆಳಗೆ ನಡೆಯಿತು. ಈ ಪ್ಲಾಸ್ಟಿಕ್ಕನ್ನೆಲ್ಲ ಹಿಡಿದುಕೊಂಡಿರುವುದು ಒಳಗಿನ ಸಣ್ಣ ಸಣ್ಣ ಕ್ಲಿಪ್ಪುಗಳು. ಹಳೆಯದಾದ ಮೇಲೆ ಕಿತ್ತರೆ ಚಟ್ ಅಂತ ಮುರಿಯುತ್ತವೆ. ಮಾವ ಒಂದೊಂದರ ಮೇಲೂ ಬಿಸಿನೀರು ಹೊಯ್ದು, ಮೆತ್ತಗಾದ ಮೇಲೆ ಸಂದಿಗೆ ಬಟ್ಟೆ ಸುತ್ತಿದ ಸಟ್ಟುಗ ತೂರಿಸಿ ಎಬ್ಬಿಸಿದರು. ಅದು ನಮ್ಮ ದೋಸೆ ಸಟ್ಟುಗ. ಅತ್ತೆ ಅಡುಗೆಮನೆಯಲ್ಲಿ ಅದನ್ನು ಹುಡುಕಿ, ಸಿಗದೆ, ಅವತ್ತು ಉಪ್ಪಿಟ್ಟು ಮಾಡಿದರು.

ತೊಳೆಯುವುದಕ್ಕೆ ಮನೆಯಲ್ಲಿ ಅಡ್ಡಿ ಇರಲಿಲ್ಲ, ಸೋಪಿನ ಪುಡಿ ತಾನೆ. ಬಚ್ಚಲ ಕಲ್ಲಿನ ಮೇಲೆ ಒಂದೊಂದನ್ನೂ ತೊಳೆದು, ವಾಟರ್ ಪೇಪರ್ ಅನ್ನುವ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ತೊಳೆದರು. ಸೊಪ್ಪಿಗೆ ಹೊತ್ತಾಗಿ ತೋಟಕ್ಕೆ ಹೊರಟಾಗ ಒಂದು ಕಮಾನು ಮಾತ್ರ ಉಳಿದಿತ್ತು. ಅವರು ವಾಪಸು ಬರುವಷ್ಟರಲ್ಲಿ ಅದೂ ತೊಳೆದು ಒಣಗಿ, ಉಳಿದವಕ್ಕಿಂತ ಕಪ್ಪಗೆ ಮಿರಮಿರ ಅನ್ನುತ್ತಿತ್ತು. ಅತ್ತೆ ತೊಳೆದಿಟ್ಟಿದ್ದರು. ಮಾವನಿಗೆ ಆದ ಸಂತೋಷ ನೋಡಬೇಕಿತ್ತು. ಅದನ್ನು ಬೇರೆಯಾಗಿ ಒಂದು ಹಳೆಯ ಪಂಚೆಯಲ್ಲಿ ಸುತ್ತಿದರು.

ಬಸ್ಸಿಗೆ ನಾನೂ ಜೊತೆಗೆ ಹೋದೆ. ಹೆಂಗಸರಿಗೆ ಟಿಕೆಟ್ ಇಲ್ಲ, ಎರಡು ಕೈ ಹೆಚ್ಚಾಗುತ್ತದೆ. ನಾನು ತೊಡೆಯ ಮೇಲೆ ಗ್ರಿಲ್ಲು ಇಟ್ಟುಕೊಂಡು ಕೂತೆ. ಮಾವ ನಡುವಿನ ದಾರಿಯಲ್ಲಿ ಬಂಪರನ್ನು ಅಪ್ಪಿಕೊಂಡು ನಿಂತರು. ಕಂಡಕ್ಟರ್ ಬಂಪರಿಗೆ ಲಗೇಜ್ ಟಿಕೆಟ್ ಹರಿದು, ಹೆಂಗಸಾಗಿದ್ದರೆ ಇದಕ್ಕೂ ಫ್ರೀ ಆಗುತ್ತಿತ್ತು ಅಂದ. ಹತ್ತುವವರು ಇಳಿಯುವವರೆಲ್ಲ ಬಂಪರಿಗೆ ತಾಗಿಸಿಕೊಂಡು ಮಾವನಿಗೆ ಬೈದರು. ತಪ್ಪಾಯಿತು, ತಪ್ಪಾಯಿತು ಅಂತ ಚನ್ನಪಟ್ಟಣದವರೆಗೂ ಹೇಳಿಕೊಂಡು ಬಂದರು. ಎಲ್ಲದಕ್ಕೂ ಹಾಗನ್ನಬೇಡಿ ಮಾವ, ಜನ ತಲೆ ಮೇಲೆ ಕೂರುತ್ತಾರೆ ಅಂತ ನಾನು ರೇಗಿದೆ. ಅದಕ್ಕೂ, ತಪ್ಪಾಯಿತು ಕಣವ್ವ ಅಂದರು. ಇಂಥವರಿಗೆ ಏನು ಹೇಳುವುದು!

ಬಣ್ಣ ಹೊಡೆಯುವ ನಿಯಾಜ್ ಮಾವನಿಗೆ ಹಳೆಯ ಪರಿಚಯ. ಮಕ್ಕಳು ಕೂತು ತೂಗುವ ಮರದ ಕುದುರೆಗಳಿಗೆ ಸ್ಪ್ರೇ ಬಣ್ಣ ಹೊಡೆಯುವುದು ಅವರ ಕೆಲಸ. ಕುದುರೆಗಳನ್ನು ಪಕ್ಕಕ್ಕೆ ಸರಿಸಿ ನಮ್ಮ ಪ್ಲಾಸ್ಟಿಕ್ಕನ್ನೆಲ್ಲ ತಂತಿಗೆ ತೂಗುಹಾಕಿ, ಪ್ರೈಮರ್ ಹೊಡೆಯಲು ಶುರುಮಾಡಿದರು. ಎಲ್ಲ ಸರಿಯಾಗಿ ಹಿಡಿಯಿತು. ಪಂಚೆಯಲ್ಲಿ ಸುತ್ತಿ ತಂದ ಕಮಾನಿನ ಮೇಲೆ ಮಾತ್ರ ನಿಲ್ಲಲಿಲ್ಲ. ಕೆಸುವಿನೆಲೆಯ ಮೇಲೆ ನೀರು ಹಾಕಿದಂತೆ ಹನಿಹನಿಯಾಗಿ ಸರಿದುಕೊಂಡಿತು. ನಿಯಾಜ್ ಸ್ಪ್ರೇ ಗನ್ನು ಕೆಳಗಿಟ್ಟು ಕಮಾನನ್ನು ಹಿಂದೆ ತಿರುಗಿಸಿ ಮೂಸಿ ನೋಡಿದರು. ಕೊಬ್ಬರಿ ಎಣ್ಣೆ.

ನನಗೆ ತಕ್ಷಣ ಗೊತ್ತಾಯಿತು. ಬಿಳಿಚಿಕೊಂಡ ಯಾವುದನ್ನು ಕಂಡರೂ ಕೊಬ್ಬರಿ ಎಣ್ಣೆ ಸವರುವುದು ಅತ್ತೆಯ ಅಭ್ಯಾಸ. ಬಾಗಿಲು, ಗಡಿಯಾರ, ನನ್ನ ಮಗುವಿನ ಮೊಣಕಾಲು, ಯಾವುದನ್ನೂ ಬಿಟ್ಟವರಲ್ಲ. ಬಣ್ಣ ಹಚ್ಚುವುದಕ್ಕೆ ಎಣ್ಣೆ ಹಚ್ಚಿ ಕಳಿಸುತ್ತಾರಾ, ಯಾರು ಈ ಕೆಲಸ ಮಾಡಿದ್ದು ಅಂತ ನಿಯಾಜ್ ಕೇಳಿದರು.

“ನಾನೇ ಕಣಪ್ಪ,” ಅಂದರು ಮಾವ.

ನಿಯಾಜ್ ಅವರನ್ನು ಅಣ್ಣ ಅಣ್ಣ ಅನ್ನುತ್ತಲೇ ಚೆನ್ನಾಗಿ ಉಗಿದರು. ಮಾವ ಕೈಕಟ್ಟಿ ಕೇಳಿಸಿಕೊಂಡರು. ಕೆಲಸದ ಹುಡುಗರು ನಗುತ್ತಿದ್ದರು. ನನಗೆ ತಡೆಯಲಾಗದೆ ಬಾಯಿ ತೆಗೆದೆ. ಮಾವ ನನ್ನ ಕಡೆ ಒಂದು ನೋಟ ನೋಡಿದರು, ಮುಚ್ಚಿಕೊಂಡೆ. ಆಮೇಲೆ ಕಮಾನನ್ನು ಥಿನ್ನರಿನಲ್ಲಿ ತಾವೇ ಕೂತು ಉಜ್ಜಿದರು. ಮೊಣಕೈವರೆಗೂ ವಾಸನೆ ಮೆತ್ತಿಕೊಂಡಿತು.

ಮನೆಗೆ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ನೇರ ಹೋಗಿ ಅತ್ತೆಯನ್ನು ಕೇಳಿದೆ, ಆ ಕಮಾನಿಗೆ ಎಣ್ಣೆ ಹಚ್ಚಿದ್ದು ನೀವೇ ತಾನೆ? ಹೌದು, ಕಪ್ಪಗೆ ಕಾಣಲಿ ಅಂತ ಹಚ್ಚಿದೆ, ಅದಕ್ಕೇನೀಗ ಅಂದರು. ಏನಿಲ್ಲ, ಬಣ್ಣ ಹಿಡಿಯಲಿಲ್ಲ, ನಾನೇ ಹಚ್ಚಿದ್ದು ಅಂತ ಮಾವ ಎಲ್ಲರೆದುರು ಬೈಸಿಕೊಂಡರು, ಅಷ್ಟೇ ಅಂದೆ. ಅತ್ತೆ ಜಗಳಕ್ಕೆ ಬರುತ್ತಾರೆ ಅಂತ ನಾನು ತಯಾರಾಗಿದ್ದೆ. ಅವರು ಊಟದ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಮಾರನೆಯ ದಿನ ಮಾವ ಒಬ್ಬರೇ ಹೋಗಿ ಒಣಗಿದ ಪ್ಲಾಸ್ಟಿಕ್ಕನ್ನೆಲ್ಲ ತಂದು, ಹುಣಸೆ ಮರದ ಕೆಳಗೆ ಕೂರಿಸತೊಡಗಿದರು. ನಾನು ಕ್ಲಿಪ್ಪಿನ ಡಬ್ಬಿ ಹಿಡಿದು ಕೂತಿದ್ದೆ. ಕೊನೆಯದಾಗಿ ಆ ಕಮಾನು ಹಾಕುತ್ತಿದ್ದಾಗ ಅತ್ತೆ ಬಂದರು. ಹುಳು ಬಿಟ್ಟು ಅವರು ಅಷ್ಟು ದೂರ ಬಂದದ್ದೇ ದೊಡ್ಡದು.

“ಆ ಕಾರ್ತಿಕದ್ ಬೆಳೇಲಿ ನೀವು ಕಾಲು ಅದ್ದಿ ಒಳಕ್ ಬಂದಿದ್ರೋ ಇಲ್ವೋ?” ಅಂತ ಕೇಳಿದರು.

ಮಾವ ಇಲ್ಲದ ಕ್ಲಿಪ್ಪನ್ನು ನೆಲದ ಮೇಲೆ ಹುಡುಕಿದರು. “ಈಗ್ಯಾಕಮ್ಮಿ ಅದು?”

“ಕೇಳಿದ್ದಕ್ ಹೇಳಿ.”

“ಅದ್ದೇ ಬಂದಿದ್ದೆ. ದಿನಾ ಅದ್ದೇ ಬತ್ತಿದ್ದೆ.”

“ಮತ್ಯಾಕ್ ಹೇಳ್ನಿಲ್ಲ?”

ಮಾವ ಕಮಾನನ್ನು ಒತ್ತಿ ಹಿಡಿದುಕೊಂಡೇ ಹೇಳಿದರು. “ನೀನು ಅವತ್ತು ಬೆಳಗಿಂದ, ನಾನೇ ಏನೋ ತಪ್ ಮಾಡ್ಬುಟ್ಟೆ, ನನ್ ಕೈಯಾರೆ ಸಾಯಿಸ್ಬುಟ್ಟೆ ಅಂತ ಎದೆ ಎದೆ ಬಡ್ಕೊಂಡು ಅಳ್ತಿದ್ದೆ. ನನ್ ಕಡೆ ಕೈ ತೋರ್ಸಿದ್ಮೇಲೆ ಅಳಾದ್ ನಿಲ್ಲಿಸ್ದೆ. ನಿಂತ್ರೆ ಸಾಕು ಅಂತ ಸುಮ್ಕಾದೆ.”

ಅಳು ಬಂದದ್ದು ನನಗೆ. ಅದರ ಹಿಂದೆಯೇ ಸಿಟ್ಟೂ ಬಂತು, ಇಷ್ಟು ದಿನ ಆ ಗೋಡೆಗೆ ಒರಗಿ ಕೂತಿದ್ದರಲ್ಲ ಈ ಮನುಷ್ಯ ಅಂತ. ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡುತ್ತಾ ಕೂತೆ.

“ಹುಳ ಹಣ್ಣಾಗ್ತಾವೆ. ಬನ್ನಿ ಒಳಕ್ಕೆ,” ಅಂದರು ಅತ್ತೆ ಕೊನೆಗೆ.

ಮಾವ ಎರಡೂ ಕೈ ಮೂಗಿಗೆ ಹಿಡಿದು ನೋಡಿಕೊಂಡರು. “ಬಣ್ಣದ್ ವಾಸ್ನೆ ಇನ್ನೂ ಐತೆ ಕಣಮ್ಮಿ. ಈ ಬೆಳೆ ಆಗ್ಲಿ ಬುಡು.”

ಹಣ್ಣಾದ ಹುಳು ಕಾಯುವುದಿಲ್ಲ. ಆರಿಸಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ, ಬಿಡಬೇಕು. ಅವತ್ತು ಮಧ್ಯಾಹ್ನ ಅತ್ತೆ ಹುಳುವಿನ ತಟ್ಟೆಯನ್ನು ಎಳೆದು ತಂದು ಹೊಸಲಿನ ಒಳಗೆ ಕೂತರು. ಮಾವ ಮಿಂದು ಮಡಿ ಪಂಚೆ ಉಟ್ಟು, ಎರಡು ಸಲ ಕಾಲು ಅದ್ದಿ, ಹೊಸಲಿನ ಹೊರಗೆ ಕೂತರು. ಕೈಗಳಿಗೆ ಒಗೆದ ಟವೆಲ್ಲು ಸುತ್ತಿಕೊಂಡು ಚಂದ್ರಿಕೆ ಹಿಡಿದರು, ಉಸಿರು ಆ ಕಡೆಗೆ ಹೋಗದಿರಲಿ ಅಂತ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು. ಅತ್ತೆ ಹಣ್ಣು ಹುಳು ಆರಿಸಿ ಆರಿಸಿ ಇಟ್ಟರು. ಬಲಕ್ಕೆ ಒಸಿ ತಿರುಗಿಸಿ ಅಂದರೆ ಇವರು ತಿರುಗಿಸುವುದು, ಎತ್ತಿ ಅಂದರೆ ಎತ್ತುವುದು. ಹೀಗೇ ಬಹಳ ಹೊತ್ತು ನಡೆಯಿತು. ಒಂದು ಸಲ ಅತ್ತೆಯ ಬೊಗಸೆ ಜಾರಿ ನಾಲ್ಕು ಹುಳು ಹೊಸಲ ಮೇಲೆ ಬಿದ್ದವು.

“ತಪ್ಪಾಯ್ತು, ನಾನೇ ಅಲ್ಲಾಡ್ಸ್ಬುಟ್ಟೆ,” ಅಂದರು ಮಾವ.

“ಬಾಯ್ ಮುಚ್ಕೊಳಿ,” ಅಂದರು ಅತ್ತೆ. “ಬೀಳ್ಸಿದ್ದು ನಾನು.”