ಕಾಗದದ ಛತ್ರಿಯ ಮೇಲೆ ಮುಧೋಳದ ನಾಯಿ

ನಮ್ಮ ಬನಹಟ್ಟಿಯಲ್ಲಿ ಮಳೆಗೆಂದು ಛತ್ರಿ ಬಿಚ್ಚುವುದು ಅಪರೂಪ. ನಮ್ಮ ಮನೆಯ ಛತ್ರಿಯಂತೂ ವರ್ಷದ ಬಹುಪಾಲು ಮಗ್ಗದ ಕೋಣೆಯ ಮೂಲೆಯಲ್ಲಿ ನಿಂತು ಹಲ್ಲಿಗಳಿಗೆ ಆಶ್ರಯ ಕೊಡುತ್ತದೆ. ಅಂಥದ್ದರಲ್ಲಿ ನನ್ನ ಹೆಂಡತಿ ವಿಮಾನ ಹತ್ತಿ ಥೈಲ್ಯಾಂಡಿಗೆ ಹೋಗಿ, ಅಲ್ಲಿಂದ ಛತ್ರಿಯನ್ನು, ಅದೂ ಕಾಗದದ್ದನ್ನು ತಂದಳೆಂದರೆ ಓಣಿಯವರು ನಗದೆ ಇನ್ನೇನು ಮಾಡಿಯಾರು?

ಇದಕ್ಕೆಲ್ಲ ಕಾರಣ ಮುಧೋಳದಲ್ಲಿರುವ ಅವಳ ಅಣ್ಣ. ಕಬ್ಬು ಬೆಳೆಯುವ ಮನುಷ್ಯ. ಅವರ ಬಳಿ ಒಂದು ಮುಧೋಳದ ನಾಯಿ ಇತ್ತು. ಅದನ್ನು ಅವರು ಎಂದೂ ನಾಯಿ ಅಂದವರಲ್ಲ, "ನಮ್ಮ ಹುಡುಗ" ಅನ್ನುತ್ತಿದ್ದರು. ನಾಯಿ ಎಂಬ ಮಾತನ್ನು ಹೆತ್ತ ಮಕ್ಕಳನ್ನು ಬೈಯುವುದಕ್ಕೆ ಮೀಸಲಿಟ್ಟಿದ್ದರು. ಪಕ್ಕೆಲುಬು ಎಣಿಸಲು ಬಂದರೆ ಜಾತಿ ನಾಯಿ, ಬಾರದಿದ್ದರೆ ಓಣಿ ನಾಯಿ, ಇದು ಅವರ ಶಾಸ್ತ್ರ. ಒಮ್ಮೆ ಹಬ್ಬದ ದಿನ ನಾನು ಪ್ರೀತಿಯಿಂದ ಅದಕ್ಕೆ ಅರ್ಧ ಹೋಳಿಗೆ ಹಾಕಿದೆ. "ಹೊಟ್ಟಿ ಬಂತಂದ್ರ ನೀವ ಜವಾಬ್ದಾರ್ರಿ," ಅಂದವರು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ.

ಆ ನಾಯಿ ಬೇಸಿಗೆಯಲ್ಲಿ ಸತ್ತುಹೋಯಿತು. ಮುಪ್ಪಿನ ಸಾವೇ. ಆದರೆ ಕೊನೆಗೆ ಅನ್ನ ನೀರು ಬಿಟ್ಟು ಮಲಗಿತ್ತು. ಅದು ಬಿಟ್ಟಿದ್ದನ್ನು ನೋಡಿದ ಅಣ್ಣ ತಾವೂ ಬಿಟ್ಟರು. ತಾಟಿನ ಮುಂದೆ ಕೂಡುವುದು, ಒಂದು ತುತ್ತು ಮುರಿಯುವುದು, ಏಳುವುದು. ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ತಾವೇ ಬರುತ್ತಿದ್ದರು. ಆ ವರ್ಷ ಬರಲಿಲ್ಲ. ನನ್ನ ಹೆಂಡತಿ ಉಂಡಿ ಕಟ್ಟಿ, ಚೀಲ ತುಂಬಿ, ಹೊಸ ಸೀರೆಯುಟ್ಟು ಹೊತ್ತು ಮುಳುಗುವವರೆಗೆ ಕಟ್ಟೆಯ ಮೇಲೆ ಕೂತಿದ್ದಳು.

"ಅಣ್ಣ ಹಿಂಗ ಆದ್ರ ನನ್ನ ತವರು ಮುಗೀತ್ರಿ," ಅಂದಳು. ನಾನು ಅವಳ ಚೀಲವನ್ನು ಒಳಗೆ ತಂದಿಟ್ಟೆ.

ದೀಪಾವಳಿ ಕಳೆದ ಮೇಲೆ ಜಮಖಂಡಿಯ ಕೆಲವು ಅಂಗಡಿಕಾರರೊಡನೆ ನಾವೂ ಥೈಲ್ಯಾಂಡ್ ಟೂರಿಗೆ ಹೊರಟೆವು. ಅಡಿಗೆಯವನನ್ನೂ ಜೋಳದ ಹಿಟ್ಟನ್ನೂ ಜೊತೆಗೊಯ್ಯುವ ಟೂರು ಅದು. ಚಿಯಾಂಗ್ ಮಾಯ್ ಎಂಬ ಊರಿನ ಹತ್ತಿರ ಒಂದು ಹಳ್ಳಿಗೆ ಕರೆದೊಯ್ದರು. ಊರಿಗೆ ಊರೇ ಕಾಗದದ ಛತ್ರಿ ಮಾಡುತ್ತದೆ. ಒಂದು ಜಾತಿಯ ಮರದ ತೊಗಟೆಯನ್ನು ಕುದಿಸಿ, ಜಜ್ಜಿ, ನೀರಿನ ತೊಟ್ಟಿಯಲ್ಲಿ ಕದಡುತ್ತಾರೆ. ಅದರೊಳಗೆ ಜಾಳಿಗೆಯ ಚೌಕಟ್ಟು ಮುಳುಗಿಸಿ ಎತ್ತಿದರೆ ಮೇಲೆ ತೆಳ್ಳಗೆ ಕೆನೆ ಕಟ್ಟಿರುತ್ತದೆ. ಬಿಸಿಲಿಗೆ ಒಣಗಿಸಿ ಸುಲಿದರೆ ಅದೇ ಕಾಗದ. ಅದನ್ನು ಬಿದಿರಿನ ಕಡ್ಡಿಗಳಿಗೆ ಅಂಟಿಸಿ, ಎಣ್ಣೆ ಸವರಿ, ಅಂಗಳದ ತುಂಬ ಬಿಚ್ಚಿಡುತ್ತಾರೆ.

"ಹಪ್ಪಳ ಹಾಕಿದಂಗ ಹಾಕ್ಯಾರಲ್ರಿ," ಅಂದಳು ನನ್ನ ಹೆಂಡತಿ. "ಕಾಗಿ ಹೊಡಿಯಾಕ ಒಬ್ಬರೂ ಇಲ್ಲ!"

ನಾನು ಬಿದಿರುಕಡ್ಡಿಗಳಿಗೆ ನೂಲು ಪೋಣಿಸುತ್ತಿದ್ದ ಹೆಂಗಸಿನ ಮುಂದೆ ನಿಂತುಬಿಟ್ಟೆ. ನೂಲು ಕಂಡಲ್ಲಿ ನಿಲ್ಲುವುದು ನೇಕಾರನ ಚಟ. ಅವಳ ಕೈಯಲ್ಲಿ ಒಂದು ಎಳೆ ಹರಿಯಿತು. ಬೆರಳ ತುದಿಯಲ್ಲೇ ಹೊಸೆದು ಗಂಟು ಹಾಕಿದಳು, ಥೇಟು ನಮ್ಮ ಗಂಟು. ನನಗೆ ಎಷ್ಟು ಖುಷಿಯಾಯಿತೆಂದರೆ ನಮ್ಮವರೇ ಯಾರೋ ಸಿಕ್ಕಂತೆ "ಭೇಷ್" ಅಂದುಬಿಟ್ಟೆ. ಅವಳು ಬೆಚ್ಚಿ ಗಂಟು ಬಿಟ್ಟಳು.

ಅಷ್ಟರಲ್ಲಿ ನನ್ನ ಹೆಂಡತಿ ಬಣ್ಣ ಬರೆಯುವ ಮುದುಕಿಯೊಬ್ಬಳ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಆ ಮುದುಕಿ ಛತ್ರಿಯ ಮೇಲಷ್ಟೇ ಅಲ್ಲ, ಬಂದವರ ಚೀಲ, ಫೋನಿನ ಕವರು, ಏನು ಕೊಟ್ಟರೂ ಅದರ ಮೇಲೆ ಕೇಳಿದ್ದನ್ನು ಬರೆದುಕೊಡುತ್ತಿದ್ದಳು.

"ಅಣ್ಣನ ಹುಡುಗನ್ನ ಬರಸೋಣ್ರಿ," ಅಂದಳು ನನ್ನವಳು, ಕಣ್ಣರಳಿಸಿ.

ಫೋನಿನಲ್ಲಿದ್ದ ನಾಯಿಯ ಫೋಟೋ ತೋರಿಸಿದಳು. ಹಣೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ಮಡಚಿದ್ದು. ಮುದುಕಿ ದಿಟ್ಟಿಸಿ ನೋಡಿದಳು. ತನ್ನ ಪಕ್ಕೆಯ ಮೇಲೆ ಬೆರಳಾಡಿಸಿ ಏನೋ ಕೇಳಿದಳು.

"ಹೌಂದಬೇ ಯವ್ವಾ! ಒಂದೊಂದೂ ಎಣಿಸಬೌದು," ಅಂದಳು ನನ್ನ ಹೆಂಡತಿ ಹೆಮ್ಮೆಯಿಂದ, ತಾನೂ ಪಕ್ಕೆ ಮುಟ್ಟಿ ತೋರಿಸುತ್ತ. "ಅದ ಅದರ ಚೆಂದ!"

ಮುದುಕಿಯ ಕಣ್ಣು ತುಂಬಿ ಬಂದವು. ಪರದೇಶದವಳಾದರೂ ಜಾತಿ ನಾಯಿಯ ಬೆಲೆ ಬಲ್ಲವಳು ಎಂದು ನಾವು ಮೆಚ್ಚಿದೆವು. ಅವಳು ಎದ್ದು ಒಳಗೆ ಹೋಗಿ, ಬಾಳೆ ಎಲೆಯಲ್ಲಿ ಸುತ್ತಿದ ಅನ್ನದ ಪೊಟ್ಟಣ ತಂದು ನನ್ನ ಹೆಂಡತಿಯ ಕೈಗಿಟ್ಟಳು. ಫೋನನ್ನು ತೋರಿಸಿ, ಬಾಯಿಗೆ ಕೈ ಮಾಡಿ, ಮತ್ತೆ ಫೋನನ್ನು ತೋರಿಸಿದಳು. ಊಟದ ಫೋಟೋ ತೆಗೆಯಿರಿ ಅನ್ನುತ್ತಿದ್ದಾಳೆಂದು ತಿಳಿದು ನಾನು ಪೊಟ್ಟಣದ ಫೋಟೋ ತೆಗೆದೆ. ನಮ್ಮ ಅಡಿಗೆಯವನು ಎಲೆ ಬಿಚ್ಚಿ, ಅನ್ನ, ಬಾಳೆಹಣ್ಣು ಬಿಟ್ಟರೆ ಒಳಗೆ ಮಾಂಸಗೀಂಸ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಟ್ಟ. ಪೂರ್ತಿ ನಾನೇ ತಿಂದೆ.

ನಾವು ಹಳ್ಳಿ ಸುತ್ತಿ ಬರುವುದಕ್ಕೂ ಬಸ್ಸಿನವನು ಹಾರ್ನು ಹೊಡೆಯುವುದಕ್ಕೂ ಸರಿಹೋಯಿತು. ಮುದುಕಿ ಛತ್ರಿಯನ್ನು ಮಡಚಿ, ಕಾಗದ ಸುತ್ತಿ ಇಟ್ಟಿದ್ದಳು. ಬಿಚ್ಚಿ ನೋಡೋಣವೆಂದು ನಾನು ದಾರಿಯುದ್ದಕ್ಕೂ ಅಂಗಲಾಚಿದೆ.

"ಮೊದಲ ಅಣ್ಣ ನೋಡ್ಬೇಕು," ಎಂದು ಕೈ ಮೇಲೆ ಬಾರಿಸಿದಳು. ವಿಮಾನದಲ್ಲಿ ಅದು ಅವಳ ಮಡಿಲಲ್ಲಿ, ಮುಧೋಳದ ಬಸ್ಸಿನಲ್ಲಿ ನನ್ನ ಸೀಟಿನಲ್ಲಿ. ನಾನು ನಿಂತೇ ಹೋದೆ.

ಅಣ್ಣ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಗಲ್ಲ ಒಳಗೆ ಹೋಗಿದ್ದವು. ಅವರ ಹೆಂಡತಿ ಬಾಗಿಲಲ್ಲಿ ಕಣ್ಸನ್ನೆಯಿಂದಲೇ "ಇನ್ನೂ ಹಂಗ ಅದಾರ" ಅಂದರು. ನನ್ನ ಹೆಂಡತಿ ಕಾಗದ ಹರಿದು, ಅಣ್ಣನ ಮುಂದೆ ನಿಂತು ಛತ್ರಿಯನ್ನು ಅರಳಿಸಿದಳು.

ಹಣೆಯ ಮಚ್ಚೆ ಅದೇ, ಮಡಚಿದ ಕಿವಿ ಅದೇ. ಅವನೇ, ಸಂಶಯವಿಲ್ಲ. ಆದರೆ ಕುತ್ತಿಗೆಯ ಕೆಳಗೆ, ದೇವರೇ! ಪಕ್ಕೆಲುಬು ಹಾಳಾಗಲಿ, ಸೊಂಟವೇ ಇಲ್ಲ. ಊಟ ಮುಗಿಸಿ ಕಟ್ಟೆಗೆ ಬಂದ ಸಾಹುಕಾರರಂತೆ ತುಂಬಿದ ಹೊಟ್ಟೆ ಚೆಲ್ಲಿಕೊಂಡು ಕೂತಿದ್ದಾನೆ. ಮುದುಕಿಯ ಕಣ್ಣೀರಿನ ಅರ್ಥ ನನಗೆ ಆಗ ಹೊಳೆಯಿತು. ಪಾಪ, ಉಪವಾಸ ಬಿದ್ದ ನಾಯಿ ಎಂದು ತಿಳಿದು, ತನ್ನ ಕುಂಚದಲ್ಲಿ ಆದಷ್ಟು ಉಣ್ಣಿಸಿದ್ದಳು. ಆ ಪೊಟ್ಟಣವೂ ನನಗಾಗಿ ಕೊಟ್ಟದ್ದಲ್ಲ.

ಅರ್ಧ ಹೋಳಿಗೆಗೆ ಸಿಟ್ಟಾದ ಮನುಷ್ಯ ಇವರು. ನನ್ನ ಹೆಂಡತಿ ಅವಸರದಿಂದ ಛತ್ರಿ ಮಡಚಲು ಹೋದಾಗ ನಾಯಿಯ ಹೊಟ್ಟೆ ಅಲ್ಲಾಡತೊಡಗಿತು.

ಅಣ್ಣ ಎದ್ದು ಬಂದರು. ಆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಕಡೀಕ ನನ್ನ ಕೈಯಾಗಿನ ಹಾಲೂ ಮುಟ್ಟಲಿಲ್ಲ ಇಂವ," ಅಂದರು. "ಅಲ್ಲೆ ಯಾರೋ ಹೊಟ್ಟಿ ತುಂಬ ಉಣಿಸ್ಯಾರ ನೋಡ, ತಂಗಿ."

ಆಮೇಲೆ ನನ್ನ ಕಡೆ ತಿರುಗಿ, "ಏನ್ ಹಾಕಿದ್ರಂತ್ರಿ?" ಎಂದು ಕೇಳಿದರು.

"ಅನ್ನಾರಿ, ಬಾಳಿ ಎಲ್ಯಾಗ ಸುತ್ತಿ ಕೊಟ್ರು," ಅಂದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. "ಭಾಳ ಛಲೋ ಇತ್ತು."

ಅವರು ನನ್ನ ಮುಖ ನೋಡಿದರು, ನನ್ನ ಹೊಟ್ಟೆ ನೋಡಿದರು, ಛತ್ರಿ ನೋಡಿದರು. "ಹುಡುಗನ ಪಾಲಿಂದು ನೀವ ತಿಂದ್ರೇನ್ರಿ?" ಅಂದವರೇ ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡು, ಒಳಗಿದ್ದ ಹೆಂಡತಿಗೆ ತಾಟು ಹಾಕಲು ಕೂಗಿ ಹೇಳಿದರು.

ಎರಡನೆಯ ರೊಟ್ಟಿ ಮುರಿಯುತ್ತ, ತಲೆ ಎತ್ತದೆಯೇ ತಂಗಿಗೆ ಅಂದರು: "ಬರೂ ಪಂಚಮಿಗೆ ಚೀಲಾ ಕಟ್ಟಿಟ್ಕೊಂಡಿರ. ನಾನ ಬರ್ತೇನಿ."

ನನ್ನ ಹೆಂಡತಿ ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಅಣ್ಣನ ತಾಟಿಗೆ ಹಾಕಿದಳು.