ಸಿಲ್ವೆಸ್ಟರ್ ಮೊದಲೇ ಹೇಳಿದ್ದ

ಹಿಲ್ಡಾ ಬಾಯಿ, ನನಗೆ ಗೊತ್ತಿತ್ತು. ನಿಮ್ಮ ದೊಡ್ಡ ಮಗಳ ಮದುವೆಯಲ್ಲಿ ಮೈಕ್ ಹಿಡಿದು ನಿಮ್ಮ ಗಂಡ ಸಿಲ್ವೆಸ್ಟರನ ಕೈಗೆ ವೈನ್ ಕೊಡಿಸಿದೆನಲ್ಲ — ಅವನು ಕುಡಿತ ಬಿಟ್ಟಿದ್ದಾನೆ, ಒಂದು ಗುಟುಕು ಒಳಗೆ ಹೋದರೂ ಮತ್ತೆ ಶುರುವಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನೀವು ನಂಬಿದ್ದೀರಿ. ನಂಬಲಿ ಎಂದು ನಾನೂ ಸುಮ್ಮನಿದ್ದೆ.

ಮನೆಮಾತು ಕೊಂಕಣಿಯಾದರೂ ಬರೆಯಲು ನನಗೆ ಕೈ ಓಡುವುದು ಶಾಲೆಯಲ್ಲಿ ಕಲಿತ ಕನ್ನಡದಲ್ಲೇ. ಬಾಯಿಂದ ಹೇಳಲು ಹೊರಟರೆ ಮತ್ತೆ ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಕುಂಬಳೆಯಿಂದ ಕುಂಜತ್ತೂರಿನವರೆಗೆ ನಮ್ಮವರ ಮದುವೆಗಳಲ್ಲಿ ಟೋಸ್ಟ್ ಎತ್ತಲು ನನ್ನನ್ನೇ ಕರೆಯುತ್ತಿದ್ದರು. ಮದುಮಕ್ಕಳ ಬಗ್ಗೆ ನಾಲ್ಕು ಒಳ್ಳೆಯ ಮಾತು, ನಡುವೆ ಒಂದಿಷ್ಟು ನಗು, ಕೊನೆಗೆ ಎಲ್ಲರೂ ಗ್ಲಾಸ್ ಎತ್ತಿ ಹಾರೈಸುವುದು — ಅಷ್ಟೇ ಕೆಲಸ. ಅಷ್ಟಕ್ಕೇ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎದುರಿಗೆ ಕೂತವರು ನಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಆ ದಿನ ಟೋಸ್ಟಿಗೆ ಸ್ವಲ್ಪ ಮುಂಚೆ, ಮದುವೆ ಹಾಲ್‌ನ ಹಿಂದೆ ಕೈತೊಳೆಯುವ ನಲ್ಲಿಗಳ ಹತ್ತಿರ ಸಿಲ್ವೆಸ್ಟರ್ ನನ್ನ ತೋಳು ಹಿಡಿದು ನಿಲ್ಲಿಸಿದ.

"ನೋಡು ಮಾರಾಯ, ನನ್ನ ಗ್ಲಾಸಿನಲ್ಲಿ ಹಿಲ್ಡಾ ಜ್ಯೂಸ್ ಹಾಕಿಟ್ಟಿದ್ದಾಳೆ. ನಾನು ಬಿಟ್ಟು ವರ್ಷ ಆಗ್ತಾ ಬಂತು. ಒಂದು ಗುಟುಕು ಹೋದರೆ ಮತ್ತೆ ನನಗೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಮೈಕ್ ಸಿಕ್ಕಿದರೆ ನೀನು ಯಾರನ್ನೂ ಬಿಡುದಿಲ್ಲ. ಇವತ್ತು ನನ್ನನ್ನೊಂದು ಬಿಟ್ಟುಬಿಡು."

ಅವನ ಹೆಗಲು ತಟ್ಟಿ, "ನಿನಗೆಂತ ಹೆದರಿಕೆ, ನಾನಿಲ್ವಾ?" ಅಂದೆ. ಅಲ್ಲಿಂದ ನೇರ ಹೋದದ್ದು ಕುಂಜತ್ತೂರಿನ ನೆಂಟರ ಕಾರಿನ ಬಳಿಗೆ. ಡಿಕ್ಕಿಯಲ್ಲಿ ಗಡಿಯಾಚೆಯಿಂದ ತಂದ ಮದ್ಯದ ಬಾಟಲಿಯಿತ್ತು. ಅತಿಥಿಯಾಗಿ ಹೋದವನಿಗೆ ಕುಡಿಯಲು ಒಂದು ಅಳತೆ ಇರಬೇಕಿತ್ತು — ಇರಲಿಲ್ಲ. ಆದರೂ ಕುಡಿದಿದ್ದೆ ಎಂಬುದನ್ನು ನೆಪ ಮಾಡಲಾರೆ. ಮೈಕ್ ಹಿಡಿದಾಗ ಸಿಲ್ವೆಸ್ಟರ್ ಹೇಳಿದ ಒಂದೊಂದು ಮಾತೂ ನನಗೆ ನೆನಪಿತ್ತು.

ಆ ದಿನ ನನ್ನ ಮಾತಿಗೆ ಯಾರೂ ನಗಲಿಲ್ಲ. ಹಿಂದಿನ ಸಾಲಿನವರು ತಮ್ಮ ಪಾಡಿಗೆ ಹರಟುತ್ತಿದ್ದರು. ನಗಿಸಲು ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದೆ. ಆಗಲೇ ಮಗಳ ಪಕ್ಕದಲ್ಲಿ ನಿಂತಿದ್ದ ಅವನ ಗ್ಲಾಸ್ ಕಣ್ಣಿಗೆ ಬಿದ್ದದ್ದು.

"ಮದುಮಗಳ ಅಪ್ಪ ಸಣ್ಣ ಮಕ್ಕಳ ಜ್ಯೂಸ್ ಹಿಡಿದು ನಿಂತಿದ್ದಾರೆ. ಮಗಳಿಗೆ ಇಷ್ಟೇ ಆಶೀರ್ವಾದವಾ? ಯಾರಾದರೂ ಅವರಿಗೆ ನಿಜದ್ದು ಕೊಡಿ ಮಾರಾಯ್ರೆ."

ಹಾಲ್ ಇಡೀ ನಕ್ಕಿತು. ಮದುಮಗನ ಸೋದರಮಾವ ಜ್ಯೂಸಿನ ಗ್ಲಾಸ್ ಕಸಿದುಕೊಂಡು ವೈನ್ ಕೊಟ್ಟರು. ಸಿಲ್ವೆಸ್ಟರ್ ನನ್ನ ಕಡೆ ನೋಡಿದ. ಸಿಟ್ಟಿರಲಿಲ್ಲ. ನಾನು ಈಗಲಾದರೂ ಏನಾದರೂ ಹೇಳುತ್ತೇನೆ, ಬಿಡಿಸುತ್ತೇನೆ ಎಂದು ಕಾಯುತ್ತಿದ್ದ. ಬೀಗರು, ಕ್ಯಾಮೆರಾ, ಪಕ್ಕದಲ್ಲಿ ಮಗಳು — ಅವನು ಹೋಗುವುದಾದರೂ ಎಲ್ಲಿಗೆ? ನಾನು ನನ್ನ ಗ್ಲಾಸ್ ಎತ್ತಿದೆ. ಅವನು ಕುಡಿದ.

ಮುಂದಿನದ್ದು ನನಗಿಂತ ನಿಮಗೆ ಗೊತ್ತು. ಸಾಯಂಕಾಲಕ್ಕೆ ಅವನನ್ನು ಇಬ್ಬರು ಹಿಡಿದು ಮನೆಗೆ ತಂದದ್ದು. ಸೀತಾಂಗೋಳಿಯಲ್ಲಿದ್ದ ಅವನ ಗೇಟು-ಗ್ರಿಲ್ಲಿನ ವರ್ಕ್‌ಶಾಪಿಗೆ ಬಾಗಿಲು ಬಿದ್ದದ್ದು. ವೆಲ್ಡಿಂಗ್ ಮಾಡುವ ಕೈ ಚಹಾದ ಲೋಟ ಹಿಡಿಯಲಾಗದೆ ನಡುಗಿದ್ದು. ಅಷ್ಟಾದರೂ ನೀವು ನನ್ನನ್ನು ಬಯ್ಯಲಿಲ್ಲ. "ನಿಮಗೆಂತ ಗೊತ್ತು ಪಾಪ," ಎಂದಿರಿ. "ಮೊದಲೇ ನಿಮ್ಮ ಹತ್ತಿರ ಇವರು ಒಂದು ಮಾತು ಹೇಳಿದ್ದರೆ ಆಗ್ತಿತ್ತಲ್ಲ. ಇವರಿಗೆ ದೊಡ್ಡಸ್ತಿಕೆ." ಅವನು ಅಲ್ಲೇ ಕೂತಿದ್ದ. ನಾನು — ನಾನು ನೀವು ಕೊಟ್ಟ ಚಹಾ ಕುಡಿದೆ.

ಪಾಪನಿವೇದನೆಗೆ ಹೋದಾಗಲೂ ಪಾದ್ರಿಗಳ ಎದುರು, ಮಾತಿನಿಂದ ಒಬ್ಬನನ್ನು ನೋಯಿಸಿದೆ, ಎಂದಷ್ಟೇ ಹೇಳಿದೆ. ಅವರು ಹೇಳಿದ ಪ್ರಾರ್ಥನೆಗಳನ್ನು ಮುಗಿಸಿ ಹೊರಗೆ ಬಂದರೆ ಇಗರ್ಜಿಯ ಮೆಟ್ಟಿಲ ಬಳಿ ನೀವೇ ನಿಂತಿದ್ದಿರಿ. "ನೀವು ಹೇಳಿದರೆ ಇವರು ಕೇಳ್ತಾರೆ, ಕುಡಿತ ಬಿಡಿಸುವ ಕೇಂದ್ರಕ್ಕೆ ಕರಕೊಂಡು ಹೋಗಿ," ಅಂದಿರಿ. ಅವನನ್ನು ಹಾಳು ಮಾಡಿದವನನ್ನೇ ಅವನಿಗೆ ಬುದ್ಧಿ ಹೇಳಲು ಕಳಿಸಿದಿರಿ.

ಕೇಂದ್ರಕ್ಕೆ ಹೋಗುವಾಗ ಕಾರಿನಲ್ಲಿ ಅವನೂ ನಾನೂ ಇಬ್ಬರೇ ಇದ್ದೆವು. ಅರ್ಧ ದಾರಿಯಲ್ಲಿ, ಹಿಲ್ಡಾಗೆ ಎಲ್ಲ ಹೇಳಿಬಿಡುತ್ತೇನೆ ಅಂದೆ. "ಬೇಡ," ಅಂದ. "ನನ್ನ ಮೇಲಿನ ನಂಬಿಕೆ ಹೋಗಿ ಆಯ್ತು. ನಿನ್ನ ಮೇಲಿನದ್ದೂ ಹೋದರೆ ಅವಳಿಗೆ ಯಾರುಂಟು?" ಅವನು ಹಾಗೆ ಹೇಳಿದ್ದು ನಿಮಗಾಗಿ. ನಾನು ಒಪ್ಪಿದ್ದು ನನಗಾಗಿ. ಆಮೇಲೆ ನಿಮ್ಮ ಮನೆಯಲ್ಲಿ ನನಗೆ ಮರ್ಯಾದೆ ಹೆಚ್ಚಿದಷ್ಟೂ ಅಲ್ಲಿಗೆ ಬರುವುದೇ ಕಷ್ಟವಾಯಿತು. ಬಾರದೆ ಇರಲೂ ಆಗುತ್ತಿರಲಿಲ್ಲ — ಏಕೆ ಬರಲಿಲ್ಲ ಎಂದು ನೀವೇ ಫೋನ್ ಮಾಡುತ್ತಿದ್ದಿರಿ.

ಈಗ ಅವನು ಮತ್ತೆ ಬಿಟ್ಟಿದ್ದಾನೆ. ಬೇರೆಯವರ ವರ್ಕ್‌ಶಾಪಿನಲ್ಲಿ ದುಡಿಯುತ್ತಾನೆ. ನಿಮ್ಮ ಸಣ್ಣ ಮಗಳ ಮದುವೆ ಮುಂದಿನ ವಾರ. ಮೊನ್ನೆ ನೀವು ಮನೆಗೆ ಬಂದು ಹೇಳಿದಿರಿ: "ಇವರು ಇಗರ್ಜಿಯಿಂದ ನೇರ ಮನೆಗೆ ಹೋಗಲಿ ಅಂತ ಮಾಡಿದ್ದೇವೆ. ಮದುವೆ ಹಾಲ್‌ಗೆ ಬೇಡ. ತನ್ನನ್ನು ತಾನು ಕಾಯ್ಲಿಕ್ಕೆ ಗೊತ್ತಿಲ್ಲದ ಮನುಷ್ಯ. ಅಪ್ಪನ ಜಾಗದಲ್ಲಿ ನೀವು ನಿಲ್ಲಬೇಕು."

ನಾನು ಆಗಲಿ ಅಂದೆ. ಹೌದು, ಆಗಲೂ — ಆಗಲಿ ಅಂದೆ.

ಹಿಲ್ಡಾ ಬಾಯಿ, ತನ್ನನ್ನು ಕಾಯಲು ಅವನಿಗೆ ಗೊತ್ತಿತ್ತು. ಅದಕ್ಕೆ ಏನೇನು ಮಾಡಬೇಕೋ ಅಷ್ಟನ್ನೂ ಮಾಡಿದ್ದ, ನಾಚಿಕೆ ಬಿಟ್ಟು ನನ್ನ ಹತ್ತಿರ ಕೇಳಿಕೊಂಡೂ ಇದ್ದ. ಇದನ್ನು ಅವನ ಅಪ್ಪಣೆಯಿಲ್ಲದೆ ಹೇಳುತ್ತಿದ್ದೇನೆ. ಅವನಿಗೆ ಕೊಟ್ಟ ಎರಡನೆಯ ಮಾತನ್ನೂ ಹೀಗೆ ಮುರಿದಂತಾಯಿತು. ಕ್ಷಮಿಸಿ ಎಂದು ಕೇಳುವುದಿಲ್ಲ. ಮದುವೆಗೆ ನಾನು ಬರುವುದಿಲ್ಲ. ಮಗಳ ಪಕ್ಕದಲ್ಲಿ ಅವಳ ಅಪ್ಪ ನಿಲ್ಲಲಿ.