ಬಿಸಿನೀರಿನ ಜಗಳ

ನಮ್ಮ ಮನೆಯವರನ್ನು ಜೊತೆಯವರೆಲ್ಲ ಆಮೆ ಅಂತಲೇ ಕರೆಯುತ್ತಿದ್ದರು. ಅಣೆಕಟ್ಟಿನ ತಳಕ್ಕೆ ಮುಳುಗಿ, ಗೇಟಿಗೆ ಸಿಕ್ಕಿಕೊಂಡ ದಿಮ್ಮಿ, ಕಲ್ಲು ಬಿಡಿಸುವುದು ಅವರ ಕೆಲಸ. ಕೆಳಗೆ ಅರ್ಧ ಗಂಟೆ ದುಡಿದರೆ ಮೇಲೆ ಬರಲು ಒಂದು ಗಂಟೆ. ದೋಣಿಯಲ್ಲಿ ಹಗ್ಗ ಹಿಡಿದು ಕೂತ ನನ್ನ ತಮ್ಮನಿಗೆ ಆಕಳಿಸಿ ಆಕಳಿಸಿ ದವಡೆ ನೋವು ಬರುತ್ತಿತ್ತು.

ಇದೇನು ನಿಧಾನ ಎಂದು ಒಮ್ಮೆ ಕೇಳಿದ್ದಕ್ಕೆ ಸೋಡಾ ಬಾಟಲಿ ತೋರಿಸಿದರು. ಒತ್ತಡ ಇರುವ ತನಕ ಗ್ಯಾಸು ನೀರಿನಲ್ಲಿ ಕರಗಿ ತೆಪ್ಪಗಿರುತ್ತದೆ, ಮುಚ್ಚಳ ತೆಗೆದರೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಆಳದಲ್ಲಿ ಉಸಿರಾಡಿದ ಗಾಳಿಯೂ ಹಾಗೇ ರಕ್ತದಲ್ಲಿ ಕರಗುತ್ತದಂತೆ. ಮೆಲ್ಲಗೆ ಬಂದರೆ ಉಸಿರಿನಲ್ಲಿ ಹೊರಟುಹೋಗುತ್ತದೆ, ಅವಸರಪಟ್ಟರೆ ಮೈಯೊಳಗೇ ಗುಳ್ಳೆ. ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡರು. ಬಿಸಿಯ ಮಾತು ಎತ್ತಲೇ ಇಲ್ಲ, ಪುಣ್ಯಾತ್ಮ.

ನಾನೋ ಬಾಯಿಬಡುಕಿ. ಅವರು ತುಟಿ ನೀಲಿಗಟ್ಟಿಸಿಕೊಂಡು ನಡುಗುತ್ತಾ ಬರುವ ಹೊತ್ತಿಗೆ ಸ್ನಾನಕ್ಕೆ ನೀರು ಕಾಯಿಸಿ ಇಟ್ಟಿರುತ್ತಿದ್ದೆ. ಅವರು ಕಂಬಳಿ ಹೊದ್ದು ಕೂತು, “ಆಮೇಲೆ ಮಾಡ್ತೀನಿ” ಅನ್ನುತ್ತಿದ್ದರು. ಏಳುವಷ್ಟರಲ್ಲಿ ನೀರು ಆರಿ ತಣ್ಣಗಾಗಿರುತ್ತಿತ್ತು. ನನ್ನ ಕಷ್ಟ ಅಂದರೆ ಇವರಿಗೆ ಅಷ್ಟು ಸದರ ಎಂದು ಮೈ ಉರಿಯುತ್ತಿತ್ತು. ಇಪ್ಪತ್ತು ವರ್ಷ ಇದೇ ಜಗಳ.

ಒಂದು ಚಳಿಗಾಲದಲ್ಲಿ ಮೂರು ದಿನ ಮಾತು ಬಿಟ್ಟಿದ್ದೆ. ಮೂರನೆಯ ದಿನ ಅವರು ಎರಡು ಸಲ ಮುಳುಗಿ ಬಂದಿದ್ದರು. ನಾನು ಮುಖ ಗಂಟಿಕ್ಕಿಕೊಂಡು ಬಿಸಿನೀರಿನ ಬಕೆಟನ್ನು ದಡ್ಡನೆ ಕುಕ್ಕಿದೆ. ಅವರು ಬಕೆಟ್ ನೋಡಿದರು, ನನ್ನ ಮುಖ ನೋಡಿದರು.

“ಆಯ್ತು ಬಿಡು, ಇವತ್ತು ಬಿಸಿ ಇರೋವಾಗ್ಲೇ ಮಾಡ್ತೀನಿ.”

ಗೆದ್ದೆ ಅನಿಸಿತು ನನಗೆ. ಬೆನ್ನಿಗೆ ನಾನೇ ನಾಲ್ಕು ಮಗ್ಗು ಜಾಸ್ತಿ ಸುರಿದೆ.

ಸ್ವಲ್ಪ ಹೊತ್ತಿಗೆ ಭುಜ ನೋವೆಂದರು. ಆಮೇಲೆ ಕಾಲು ಜೋಮು ಹಿಡಿಯಿತು. ಊಟಕ್ಕೆ ಕರೆದರೆ ಏಳಲಾಗಲಿಲ್ಲ. ಇದಕ್ಕೆ ಚಿಕಿತ್ಸೆ ಕೊಡುವ ದೂರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಒಂದು ದಿನ ಕಳೆದಿತ್ತು. ಬಿಸಿನೀರು ಸ್ನಾನ ಏನಾದರೂ ಮಾಡಿದಿರಾ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಉತ್ತರ ಕೊಟ್ಟರು.

“ಇಲ್ಲ ಡಾಕ್ಟ್ರೇ. ತಪ್ಪು ನಂದೇ, ಬೇಗ ಮೇಲೆ ಬಂದ್ಬಿಟ್ಟೆ.”

ಜೊತೆಗೆ ಬಂದಿದ್ದ ನನ್ನ ತಮ್ಮ ತಲೆ ತಗ್ಗಿಸಿದ. ಹೊರಗೆ ನಾನು ಅವನ ಅಂಗಿ ಹಿಡಿದು ಕೇಳಿದೆ.

“ಭಾವ ಒಂದು ನಿಮಿಷನೂ ಬೇಗ ಬಂದಿಲ್ಲ ಅಕ್ಕಾ,” ಎಂದ.

ಆಮೇಲೆ ಎಲ್ಲ ಬಿಡಿಸಿ ಹೇಳಿದ. ತಣ್ಣಗಿರುವ ಸೋಡಾ ಗ್ಯಾಸನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಚ್ಚಗಾದರೆ ಬಿಟ್ಟುಬಿಡುತ್ತದೆ. ಮುಳುಗಿ ಬಂದ ಮೈಯೂ ಅಷ್ಟೇ. ಅದಕ್ಕೇ ಕೆಲವು ಗಂಟೆ ಬಿಸಿನೀರು ಮುಟ್ಟಬಾರದು. ಅದು ಮುಳುಗುವವರಿಗೆಲ್ಲ ಗೊತ್ತು, ಇವರಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ.

ಎಂಟು ವರ್ಷವಾಯಿತು. ಅವರಿಗೆ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ನಾನೇ ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುತ್ತೇನೆ. ಮೊದಲು ಕಾಲಿಗೆ ಸುರಿದು, ಬಿಸಿ ಸರಿಯಿದೆಯಾ ಎಂದು ಹಳೆಯ ರೂಢಿಗೆ ಕೇಳುತ್ತೇನೆ.

ನಿನ್ನೆ ಸ್ಟವ್ ಹಚ್ಚುವುದನ್ನೇ ಮರೆತಿದ್ದೆ. ಕೈಗೆ ತಾಗಿದ ಮೇಲೆ ಗೊತ್ತಾಯಿತು, ಕೊರೆಯುವ ತಣ್ಣೀರು. ಅಷ್ಟರಲ್ಲಿ ಕಾಲಿಗೆ ಸುರಿದು ಕೇಳಿಯೂ ಆಗಿತ್ತು.

“ಹದವಾಗಿದೆ ಕಣೇ,” ಅಂದರು.